ಗೊತ್ತಿದ್ದೂ ಕೇಳುವವರು

ತಾಳಮಲೆ ಕಡೆಯ ಕಾಡಿನ ಹಾಡಿಯಾದ ತನ್ನ ಪೋಡಿನಿಂದ ಶಾಲೆಯವರೆಗಿನ ಇಳಿಜಾರನ್ನು ಮಾದಕ್ಕ ಆ ದಿನ ಬೈಯುತ್ತಲೇ ಇಳಿದಳು. ಸೆರಗಿಗೆ ಸಿಕ್ಕ ಮುಳ್ಳಿಗೂ ಬೈಗುಳ, ಕಾಲು ಎಡವಿದ ಕಲ್ಲಿಗೂ ಬೈಗುಳ. 'ನಿನ್ನ ಮೊಮ್ಮಗಳಿಗೆ ಬುದ್ಧಿ ಬೆಳೆದಿಲ್ಲ, ಬಂದು ಕರೆದುಕೊಂಡು ಹೋಗು' ಎಂದು ಮೇಷ್ಟ್ರು ಗುರುಸ್ವಾಮಿ ಹೇಳಿ ಕಳಿಸಿದ್ದರು. ಆ ಮೊಮ್ಮಗಳು, ಏಳು ವರ್ಷದ ಕರಿಯಮ್ಮ, ಅವರ ಪೋಡಿನಿಂದ ಹಾಸ್ಟೆಲ್ ಸೇರಿದ ಮೊದಲ ಹೆಣ್ಣುಮಗಳು. ಅದು ಎಂಬತ್ತೊಂದನೇ ಇಸವಿ.

ಕರಿಯಮ್ಮನ ತಾಯಿ ಕಾಫಿ ಎಸ್ಟೇಟಿನ ಕೂಲಿಗೆ ಹೋದಾಗಿನಿಂದ ಕೂಸು ಬೆಳೆದದ್ದು ಮಾದಕ್ಕನ ಬೆನ್ನ ಮೇಲೆ. ಅವಳು ಗೆಣಸು ಅಗೆಯುವಾಗ ಜೋಳಿಗೆಯಿಂದ ಕತ್ತು ಚಾಚಿ ನೋಡುತ್ತಿತ್ತು. ನಡೆಯಲು ಬಂದ ಮೇಲೆ ಕೈಗೊಂದು ಮೊಂಡು ಕತ್ತಿ ಸಿಕ್ಕಿತು. ಹೀಗೆ ಮಾಡು, ಹಾಗೆ ಮಾಡು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಕೂಸು ನೋಡುತ್ತದೆ, ಮಾಡುತ್ತದೆ, ಕೆಡಿಸುತ್ತದೆ, ಮತ್ತೆ ಮಾಡುತ್ತದೆ. ಒಂದೊಂದು ವಯಸ್ಸಿಗೆ ಒಂದೊಂದು ಕಲಿಕೆ. ಹದಿನಾರರ ಹುಡುಗನನ್ನು ಹೆಜ್ಜೇನು ಕೀಳಲು ಹಗ್ಗ ಕಟ್ಟಿ ಬಂಡೆಯಿಂದ ಇಳಿಯಲು ಬಿಡುತ್ತಿದ್ದರು. ಮೇಲೆ ನಿಂತು ಹಗ್ಗ ಹಿಡಿಯಲು ಮಾತ್ರ ಬಿಡುತ್ತಿರಲಿಲ್ಲ. ಅದು ಮದುವೆಯಾಗಿ ಮಕ್ಕಳ ತಂದೆಯಾದವನ ಕೆಲಸ. ಹುಡುಗನಿಗೆ ಧೈರ್ಯ ಬಂದಿರುತ್ತದೆ, ಎಲ್ಲಿ ಸಾಕು ಎನ್ನಬೇಕೆಂಬ ಬುದ್ಧಿ ಇನ್ನೂ ಬಂದಿರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದು.

ಇನ್ನೊಂದು ರೀತಿಯೂ ಅವರಲ್ಲಿತ್ತು. ತನಗೆ ಗೊತ್ತಿರುವುದನ್ನು ಯಾರೂ ಇನ್ನೊಬ್ಬರಲ್ಲಿ ಕೇಳುವುದಿಲ್ಲ. ಹಾಗೆ ಕೇಳಿದರೆ ಅದು ಗೇಲಿ. ದೊಡ್ಡವರು ಗೇಲಿ ಮಾಡಿದಾಗ ಮಕ್ಕಳು ತಲೆ ತಗ್ಗಿಸಿ ಸುಮ್ಮನಿರಬೇಕು.

ಶಾಲೆಯ ಜಗಲಿಯಲ್ಲಿ ಗುರುಸ್ವಾಮಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಾಲವಾಡಿಯ ಟೀಚರ್ ವಸಂತಮ್ಮ ನಿಂತಿದ್ದಳು. ದೊಡ್ಡಗಾಜನೂರಿನ ಬೇಸಾಯಗಾರರ ಮನೆಯ ಹುಡುಗಿ, ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದಳು. ಕರಿಯಮ್ಮ ಕಂಬಕ್ಕೆ ಒರಗಿದ್ದಳು. ಅವಳ ಮೊಣಕೈ ಮೇಲೆ ಬೆತ್ತದ ಬರೆ ಕಂಡು ಮಾದಕ್ಕನ ಕಣ್ಣು ಕೆಂಪಾಯಿತು.

"ಏನ್ ತಪ್ಪು ಮಾಡ್ತು ಮೇಷ್ಟ್ರೇ ನನ್ ಕೂಸು?"

"ತಪ್ಪು ಮಾಡೋಕೂ ಬುದ್ಧಿ ಬೇಕಲ್ಲಮ್ಮ. ವರ್ಷದಿಂದ ಹಸುವಿನ ಚಿತ್ರ ತೋರಿಸಿ ಇದೇನು ಅಂತ ಕೇಳ್ತಿದ್ದೀನಿ, ಬಾಯಿ ಬಿಡಲ್ಲ. ಮಂದಬುದ್ಧಿ. ಈ ಸೀಟು ಇನ್ನೊಂದು ಮಗೂಗಾದ್ರೂ ಸಿಗಲಿ."

"ಅಸನ ತೋರ್ಸಿ ಇದೇನು ಅಂತ ಕೇಳೀರಾ? ನಿಮ್ಗೆ ಗೊತ್ತಿಲ್ವ?"

"ನಂಗೆ ಗೊತ್ತಿಲ್ದೆ ಏನು!"

"ಗೊತ್ತಿದ್ರೆ ಯಾಕ್ ಕೇಳೀರಿ? ಕೂಸ್ನ ಆಡ್ಕಳಕಾ?"

ವಸಂತಮ್ಮ ನಡುವೆ ಬಂದಳು. "ಸಾರ್, ತರಬೇತೀಲಿ ನಮಗೆ ಹೇಳಿಕೊಟ್ಟಿದ್ದಾರೆ. ಎಳೆಗೂಸು ನೋಡ್ತಾ, ಮುಟ್ತಾ ಕಲೀತದೆ. ಆರೇಳು ವರ್ಷಕ್ಕೆ ಮೆದುಳಿನ ತೂಕ ಹೆಚ್ಚುಕಡಿಮೆ ದೊಡ್ಡವರಷ್ಟೇ ಆಗ್ತದಂತೆ..."

"ಆಯ್ತಲ್ಲ! ಇನ್ನು ಬೆಳೆಯೋದೇನು? ಒಣಗಿದ ಮಡಕೇನ ತಿದ್ದೋಕಾಗ್ತದಾ?"

"ತೂಕ ಬಂದ್ರೂ ಒಳಗಿನ ಜೋಡಣೆ ಮುಗಿದಿರಲ್ಲ ಸಾರ್. ತಡೆದು ಯೋಚಿಸೋ ಬುದ್ಧಿ ಇಪ್ಪತ್ತು ದಾಟಿದ್ರೂ ಬಲೀತಾನೇ ಇರ್ತದೆ."

"ಕೆಲವ್ರಿಗೆ ತಲೆ ನೆರೆದ್ರೂ ಬರಕಿಲ್ಲ ಬುಡವ್ವ," ಎಂದು ಮಾದಕ್ಕ ಮೇಷ್ಟ್ರ ನೆರೆತ ತಲೆಯನ್ನೇ ನೋಡಿದಳು. "ಮಡಕೆ ಅಂತೆ! ಮೊಮ್ಮಕ್ಳಾದ್ ಮ್ಯಾಲೆ ನಾನು ಎಸ್ಟೇಟಲ್ಲಿ ತಮಿಳು ಕಲ್ತೆ. ಒಣಗಿದ್ ಮಡಕೆನ ಅದ್ಯಾರ್ ತಿದ್ದುದ್ರು?"

"ಮಾತು ಬೇಡ. ಈಗಲೇ ಕೇಳ್ತೀನಿ, ಹೇಳಿದ್ರೆ ಇರಲಿ. ಇಲ್ದಿದ್ರೆ ಇವತ್ತೇ ಪೆಟ್ಟಿಗೆ ಎತ್ಕೊಂಡು ಹೋಗಲಿ." ಗುರುಸ್ವಾಮಿ ಚಿತ್ರ ಎತ್ತಿ ಹಿಡಿದರು. "ಇದೇನೇ?"

ಕರಿಯಮ್ಮ ತಲೆ ತಗ್ಗಿಸಿದಳು. ಗೇಲಿಯನ್ನು ಹೇಗೆ ತಾಳಿಕೊಳ್ಳಬೇಕೆಂದು ಅಜ್ಜಿಯ ಮನೆಯಲ್ಲಿ ಕಲಿತಿದ್ದಳೋ ಹಾಗೆ.

"ಒಂದು ಮಾತು ಹೇಳು ಮಾದಕ್ಕ, ನೀನು ಹೇಳಿದ್ರೆ ಕೇಳ್ತಾಳೆ," ಎಂದು ವಸಂತಮ್ಮ ಅಂಗಲಾಚಿದಳು.

ಮಾದಕ್ಕನ ಹಲ್ಲು ಕಟಕಟ ಎಂದಿತು. ಕೂಸನ್ನು ಕೈ ಹಿಡಿದು ಎಳೆದುಕೊಂಡು ಹೊರಟುಬಿಡಬೇಕು ಎನಿಸಿತು. ಆದರೆ ಆಮೇಲೆ? ಕಾಡಿನ ಇಲಾಖೆಯವನು ಯಾವುದೋ ಕಾಗದ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದದ್ದು, ಅದರಲ್ಲೇನಿತ್ತೆಂದು ಪೋಡಿನಲ್ಲಿ ಒಬ್ಬರಿಗೂ ಓದಲು ಬರದೇ ಹೋದದ್ದು ಅವಳಿಗೆ ಮರೆತಿರಲಿಲ್ಲ. ಆ ಸಿಟ್ಟಿಗೇ ಅಲ್ಲವೇ ಇವಳನ್ನು ಇಲ್ಲಿಗೆ ತಂದು ಬಿಟ್ಟದ್ದು.

ಅವಳು ಕರಿಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಕೂಸೇ, ಮೇಷ್ಟ್ರಿಗೆ ಗೊತ್ತಿಲ್ಲ ಕಣ. ನೀನೇ ಯೋಳ್ಕೊಡು."

ಹುಡುಗಿ ತಲೆಯೆತ್ತಿತು. ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಕನಿಕರ. ಚಿತ್ರದ ಹತ್ತಿರ ಹೋಗಿ, ಎಳೆಗೂಸಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿತು: "ಅಸ ಮೇಷ್ಟ್ರೇ ಇದು. ಆಲು ಕೊಡ್ತದೆ. ಎದ್ರಕಬ್ಯಾಡಿ, ಕೊಂಬ್ನಾಗೆ ಆಯಾಕಿಲ್ಲ."

ಒಳಗಿನ ಮಕ್ಕಳು ಕಿಟಕಿಯಲ್ಲಿ ಮುಖವಿಟ್ಟು ಕಿಸಕ್ಕೆಂದರು. ಗುರುಸ್ವಾಮಿಯ ಕಿವಿ ಕೆಂಪಾಯಿತು. ಆದರೆ ಮಾತು ಕೊಟ್ಟದ್ದು ವಸಂತಮ್ಮನ ಎದುರಿನಲ್ಲಿ. "ಇರಲಿ, ನೋಡೋಣ," ಎಂದು ಚಿತ್ರ ಮಡಿಸಿಟ್ಟು ಎದ್ದುಹೋದರು. ಎರಡು ದಿನ ಮನೆಗೆ ಕರೆದೊಯ್ಯಲು ಅಪ್ಪಣೆಯೂ ಸಿಕ್ಕಿತು.

"ಗೆದ್ದೆಯಲ್ಲ ಮಾದಕ್ಕ!" ಎಂದಳು ವಸಂತಮ್ಮ.

"ಏನ್ ಗೆದ್ದಿದ್ದು? ಕೂಸಿಗೆ ಸುಳ್ಳೇಳ್ದೆ," ಎಂದು ಉಗಿದು ಮಾದಕ್ಕ ಬೆಟ್ಟದ ದಾರಿ ಹಿಡಿದಳು.

ಅರ್ಧ ದಾರಿ ಏರಿದ್ದರು. ಹಿಂದೆ ಬರುತ್ತಿದ್ದ ಕರಿಯಮ್ಮ ಕೇಳಿದಳು: "ಅಜ್ಜೀ, ಮೇಷ್ಟ್ರಿಗೆ ಆನೆನೂ ಗೊತ್ತಿಲ್ವ? ಪಾಪ, ಕಾಡಿಗ್ ಬಂದ್ರೆ ತುಳಿಸ್ಕತರೆ."

ಮಾದಕ್ಕ ನಿಂತಳು. ಗೊತ್ತಿಲ್ಲ ಎಂದುಬಿಟ್ಟರೆ ಸುಲಭವಿತ್ತು. ನಾಳೆಯೂ ಹುಡುಗಿ ಕನಿಕರದಿಂದ ಬಾಯಿ ಬಿಟ್ಟಾಳು. ಆದರೆ ಒಂದು ದಿನ ಮೇಷ್ಟ್ರಿಗೆ ಎಲ್ಲ ಗೊತ್ತೆಂದು ತಿಳಿದಾಗ, ಮೇಷ್ಟ್ರೂ ಅಜ್ಜಿಯೂ ಸೇರಿ ತನ್ನನ್ನು ಗೇಲಿ ಮಾಡಿದರೆಂದು ಅದು ಅಂದುಕೊಂಡರೆ?

"ಗೊತ್ತು ಕಣ ಅವರ್ಗೆ," ಎಂದಳು. "ಅಸನೂ ಗೊತ್ತು, ಆನೆನೂ ಗೊತ್ತು. ನಿನ್ ಬಾಯಿಂದ ಬರ್ಲಿ ಅಂತ ನಾನೇ ಸುಳ್ಳೇಳ್ದೆ. ಅವ್ರು ಗೊತ್ತಿದ್ದೂ ಕೇಳ್ತರೆ. ಅಲ್ಲಿ ಅಂಗೇ. ಅದು ಗೇಲಿ ಅಲ್ವಂತೆ. ಅಲ್ಲಿದ್ದಾಗ ಯೋಳು. ಇಲ್ಲಿ ಬ್ಯಾಡ."

ಹುಡುಗಿ ಶಾಲೆಯ ಕಡೆ ತಿರುಗಿ ನೋಡಿತು. "ಅಲ್ಲೊಂದ್ ತರ, ಇಲ್ಲೊಂದ್ ತರನಾ?"

"ಊಂ. ಎಲ್ಡೂ ನೀನೇ ಕಲೀಬೇಕು. ಅವ್ರು ಒಂದೂ ಕಲಿಯಾಕಿಲ್ಲ."

ಅಷ್ಟು ಹೇಳಿ ಮಾದಕ್ಕ ದಾಪುಗಾಲು ಹಾಕಿದಳು. ಕರಿಯಮ್ಮ ಓಡಿ ಬಂದು ಅವಳ ಸೆರಗು ಹಿಡಿದುಕೊಂಡಳು.