ಮಾವನವರು ಓದದ ಮನವಿ

ನಮ್ಮ ಮಾವನವರು ಮೂವತ್ತು ವರ್ಷ ಪವರ್ ಹೌಸಿನ ಬಾಯ್ಲರಿನ ಮುಂದೆ ದುಡಿದು ನಿವೃತ್ತರಾದವರು. ನಾನು ಸೊಸೆಯಾಗಿ ರಾವೂರಿನ ಆ ಮನೆಗೆ ಬಂದಾಗ ಅವರ ದಿನಚರಿ ಬಹಳ ಕಟ್ಟುನಿಟ್ಟು. ಸ್ನಾನ, ಗೋಪಿಚಂದನ, ಹಿತ್ತಲಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ, ಆಮೇಲೆ ಪಡಸಾಲೆಯಲ್ಲಿ ಪತ್ರಿಕೆ. ಹೊಸತು ಯಾವುದನ್ನೂ ಸುಲಭಕ್ಕೆ ಒಪ್ಪುವವರಲ್ಲ. ಮನೆಗೆ ಗ್ಯಾಸ್ ಬಂದ ಮೇಲೂ ಒಂದು ವರ್ಷ ದೇವರ ನೈವೇದ್ಯ ಇದ್ದಿಲ ಒಲೆಯ ಮೇಲೇ ಆಗಬೇಕಿತ್ತು. ನಾನು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ಹೊರಟಾಗ ಎರಡು ತಿಂಗಳು ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಅವರ ಪಕ್ಷವೂ ಅಂಥದೇ. ತಾಲ್ಲೂಕಿನಲ್ಲಿ ಅದಕ್ಕೆ ಕಚೇರಿಯೇ ಇಲ್ಲದ ಕಾಲದಲ್ಲಿ ಸಭೆಗಳು ನಮ್ಮ ಪಡಸಾಲೆಯಲ್ಲೇ ನಡೆಯುತ್ತಿದ್ದವಂತೆ.

ಒಂದು ಬೆಳಿಗ್ಗೆ ಅವರು ಪತ್ರಿಕೆಯ ಒಳಪುಟದ ಸಣ್ಣ ಪ್ರಕಟಣೆಯೊಂದನ್ನು ಎರಡು ಸಲ ಓದಿದರು. ನಮ್ಮ ಭಾಗದಲ್ಲಿ ಕಲ್ಲಿದ್ದಲಿನ ಹೊಸ ವಿದ್ಯುತ್ ಘಟಕ ಬರಲಿದೆ, ಅದಕ್ಕೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ಇದೆ ಎಂದಿತ್ತು. ಪತ್ರಿಕೆ ಮಡಿಸಿಟ್ಟು ನನ್ನನ್ನು ಕರೆದರು.

"ನಿಮ್ಮ ಸಾಲಿ ಮಾಳಗಿ ಮ್ಯಾಲ ಸೋಲಾರ್ ಕೂಡ್ಸ್ಯಾರಂತಲ್ಲವಾ, ನಾ ನೋಡಬೇಕು."

ಭಾನುವಾರ ಕರೆದುಕೊಂಡು ಹೋದೆ. ಫಲಕಗಳ ಹತ್ತಿರ ಬಗ್ಗಿ ಕಿವಿಗೊಟ್ಟು ನಿಂತರು.

"ಸಪ್ಪಳನ ಇಲ್ಲೇನು ಇದಕ್ಕ?"

"ಇಲ್ರಿ ಮಾವ."

"ಬೂದಿ?"

"ಅದೂ ಇಲ್ರಿ."

ಮೆಟ್ಟಿಲಿಳಿಯುವಾಗ ನಡುವೆ ನಿಂತು ಬಹಳ ಹೊತ್ತು ಕೆಮ್ಮಿದರು. ಪವರ್ ಹೌಸಿನಲ್ಲಿ ಅವರ ಜೊತೆ ದುಡಿದವರಲ್ಲಿ ಬದುಕುಳಿದವರು ಎಷ್ಟು ಜನ ಎಂದು ನಾನು ಕೇಳಲಿಲ್ಲ.

ನಾಲ್ಕು ದಿನ ಕೂತು ಒಂದು ಮನವಿ ಬರೆದರು. ಗುಡಿ, ಮಸೀದಿ, ಶಾಲೆಗಳ ಮಾಳಿಗೆ ಮೇಲೆ ಮೊದಲು ಸೌರ ವಿದ್ಯುತ್ ಬರಲಿ. ಕಲ್ಲು ತೆಗೆದು ಬಿಟ್ಟ ಖಣಿಗಳ ಹಾಳು ನೆಲದ ಮೇಲೆ ಫಲಕ ಹಾಕಲಿ, ತೊಗರಿ ಹೊಲ ಮುಟ್ಟದಿರಲಿ. ಹಿರಿಯರು ಕೊಟ್ಟ ನೆಲ, ನೀರು, ಗಾಳಿಯನ್ನು ಕೆಡಿಸದೆ ಮುಂದಿನವರಿಗೆ ದಾಟಿಸುವುದೇ ಸಂಪ್ರದಾಯ ನಂಬಿದವರ ಮೊದಲ ಕೆಲಸ. ಇಷ್ಟೇ ಅದರ ಸಾರ. ಅಹವಾಲಿಗೆ ಮುಂಚೆ ಪಕ್ಷದವರು ಇದನ್ನು ತಮ್ಮ ಠರಾವು ಮಾಡಿಕೊಳ್ಳಲಿ ಎಂಬುದು ಅವರ ಆಸೆ.

ಚಿತ್ತಾಪುರದಲ್ಲಿ ನಡೆದ ಪಕ್ಷದ ಸಭೆಗೆ ನಾನೇ ಜೊತೆಗೆ ಹೋದೆ. ನನ್ನ ಗಂಡನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಡ್ಯೂಟಿ ಇತ್ತು. ಮಾವನವರು ಓದಿ ಮುಗಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಅಧ್ಯಕ್ಷ ಅವರ ಕೈಕೆಳಗೇ ಬೆಳೆದ ಹುಡುಗ. ಎದ್ದು ಬಂದು ಕಾಲು ಮುಟ್ಟಿದ.

"ಕಾಕಾ, ಇದು ಆ ಕಡಿ ಪಕ್ಷದ ಮಂದಿ ಮಾತು ರೀ. ನಮ್ಮ ಬಾಯಾಗ ಛಂದ ಕಾಣಂಗಿಲ್ಲ."

"ನಾ ದಿನಾ ಅರ್ಘ್ಯ ಕೊಡೋದು ಯಾವ ಕಡಿ ಸೂರ್ಯಗಪಾ?"

ಅವನು ನಕ್ಕ. ಠರಾವು ಆಗದಿದ್ದರೆ ಅಹವಾಲಿನಲ್ಲಿ ತಾವೇ ಓದುವುದಾಗಿ ಹೇಳಿ ಮಾವನವರು ಎದ್ದರು.

ಮೂರನೆಯ ದಿನ ಮಧ್ಯಾಹ್ನ ಇಬ್ಬರು ಬಿಳಿ ಜೀಪಿನಲ್ಲಿ ಬಂದರು. ಎಲ್ಲಿಂದ ಬಂದವರೆಂದು ಹೇಳಲಿಲ್ಲ. ನಾನು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು ಪಡಸಾಲೆಯ ಗೋಡೆ, ತೊಲೆಗಳನ್ನು ನೋಡುತ್ತ ಕುಳಿತರು.

"ಮನಿ ಭಾಳ ಹಳೇದದ ರಾಯರ. ಖಣ್ಯಾಗ ಬ್ಲಾಸ್ಟಿಂಗ್ ಮಾಡಾಗ ಹುಷಾರ್ ಇರ್ರಿ" ಎಂದ ಒಬ್ಬ. ಇನ್ನೊಬ್ಬ ನನ್ನ ಕಡೆ ತಿರುಗಿದ. "ಮೇಡಮ್ ಅವರ ನೌಕರಿ ಇನ್ನಾ ಪರ್ಮನೆಂಟ್ ಆಗಿಲ್ಲ, ಅಲ್ರಿ?"

ಅದನ್ನು ನಮ್ಮ ಓಣಿಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ.

ಮರುದಿನ ಶಾಲೆಯ ಗೇಟಿನೆದುರು ಅದೇ ಜೀಪು ನಿಂತಿತ್ತು. ಅದರ ಮರುದಿನವೂ ನಿಂತಿತ್ತು. ಒಳಗಿನವರು ಇಳಿಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಗುಡಿಯಲ್ಲಿ ಪ್ರತಿ ಏಕಾದಶಿಗೆ ಮಾವನವರು ಹೇಳುತ್ತಿದ್ದ ಪ್ರವಚನಕ್ಕೆ ಅದೇ ವಾರ ಬೇರೆಯವರನ್ನು ಕರೆದರು. ಪಡಸಾಲೆಗೆ ಪತ್ರಿಕೆ ಓದಲು ಬರುತ್ತಿದ್ದ ಮುದುಕರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಖಣಿಯಲ್ಲಿ ಮದ್ದು ಸಿಡಿದಾಗಲೆಲ್ಲ ನಾನು ತೊಲೆ ನೋಡತೊಡಗಿದೆ.

ಅಹವಾಲಿನ ಹಿಂದಿನ ಸಂಜೆ ನನ್ನಿಂದ ತಡೆಯಲಾಗಲಿಲ್ಲ.

"ಮಾವ, ನಾಳಿಗಿ ಹೋಗಬ್ಯಾಡ್ರಿ."

ಅವರು ಕನ್ನಡಕ ತೆಗೆದರು. ಯಾಕೆ ಎಂದು ಕೇಳಲಿಲ್ಲ. "ಆಗ್ಲಿ" ಎಂದರು. ಆ ಮನೆಯಲ್ಲಿ ಹೆಂಗಸರ ಮಾತಿಗೆ ಅವರು ಹಾಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಗುರಾಗಬೇಕಿತ್ತು. ಆಗಲಿಲ್ಲ.

ಬೆಳಿಗ್ಗೆ ಶಹಾಬಾದದ ಚಾಚಾ ಸ್ಕೂಟರಿನಲ್ಲಿ ಬಂದರು. ಭಂಕೂರಿನ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಅವರದೊಂದು ಶೆಡ್ ಇತ್ತು. ಮಾವನವರಿಗೆ ನಲವತ್ತು ವರ್ಷದ ಗೆಳೆಯ. ಐದು ಹೊತ್ತು ನಮಾಜ್ ತಪ್ಪಿಸದವರು. ಇಬ್ಬರಿಗೂ ಹೊಂದಿಕೆಯಾದದ್ದೇ ಆ ಕಟ್ಟುನಿಟ್ಟಿನಿಂದ.

"ನಡ್ರಿ ರಾಯರ, ಟೈಮ್ ಆಯ್ತು."

"ನಾ ಬರಂಗಿಲ್ಲ ಸೇಠ್ರ. ಮೈಯಾಗ ಛಲೋ ಇಲ್ಲ."

ನನ್ನ ಹೆಸರು ಎತ್ತಲಿಲ್ಲ. ಚಾಚಾ ಅವರ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. "ಹಂಗಾದ್ರ ಆ ಕಾಗದ ಕೊಡ್ರಿ. ಓದಾಕ ನಂಗೂ ಬರ್ತದ" ಎಂದರು.

ಸಂಜೆ ಬಂದಾಗ ಅವರ ಅಂಗಿಯ ತೋಳು ಹರಿದಿತ್ತು. ಮನವಿಯ ಎರಡನೆಯ ಪುಟಕ್ಕೆ ಮೈಕ್ ಬಂದ್ ಆಯಿತಂತೆ. ಇವರು ಗಂಟಲೆತ್ತಿ ಓದುತ್ತಲೇ ಇದ್ದರಂತೆ. ಶಹಾಬಾದದವನಿಗೆ ಇಲ್ಲೇನು ಕೆಲಸ ಎಂದು ಯಾರೋ ಕೂಗಿದರು, ಯಾರೋ ತೋಳು ಹಿಡಿದು ಕೆಳಗಿಳಿಸಿದರು.

"ಪೂರ್ತಿ ಓದೀನಿ ರಾಯರ. ಕೇಳ್ಸಿತೋ ಇಲ್ಲೋ ಆ ಅಲ್ಲಾಗ ಗೊತ್ತು."

ಹತ್ತು ದಿನಕ್ಕೆ ಅವರ ಶೆಡ್ಡಿಗೆ ತಪಾಸಣೆ ಬಂತು. ಯಾವುದೋ ಪರವಾನಗಿ ಇಲ್ಲವೆಂದು ಬಾಗಿಲಿಗೆ ಮೊಹರು ಬಿತ್ತು. ಎರಡಕ್ಕೂ ಸಂಬಂಧವಿದೆ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ಆ ಸುದ್ದಿ ಕೇಳಿದ ದಿನ ಜೀಪು ಶಾಲೆಯ ಮುಂದಿರಲಿಲ್ಲ.

ಮಾವನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಒಂದೂವರೆ ವರ್ಷದಲ್ಲಿ ಚಿಮಣಿ ನಮ್ಮ ಹಿತ್ತಲಿನಿಂದಲೇ ಕಾಣುವಷ್ಟು ಮೇಲೆದ್ದಿತು. ಮುಂದೆ ಘಟಕವನ್ನು ಮೊದಲ ಸಲ ಹೊತ್ತಿಸಿದ ದಿನ ಅವರು ಅಡುಗೆಮನೆಯ ಹೊಸ್ತಿಲಿನ ತನಕ ಬಂದರು. ಅವರು ಎಂದೂ ಅಲ್ಲಿಗೆ ಬರುವವರಲ್ಲ.

"ನೀ ಬ್ಯಾಡ ಅಂದಿ, ನಾ ಕೇಳಿದೆ ಅಂತ ತಿಳ್ಕೊಂಡಿ. ಹಂಗಲ್ಲವಾ. ನಂಗೂ ಅಂಜಿಕಿ ಇತ್ತು. ನಿನ್ನ ಮಾತಿನ ಹಿಂದ ಅಡಗಿ ಕುಂತೆ."

ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

ಹೋದ ತಿಂಗಳು ಚಿಂಚೋಳಿ ಕಡೆ ಇನ್ನೊಂದು ಘಟಕ ಬರುವ ಸುದ್ದಿ ಬಂತು. ಮಾವನವರು ಮತ್ತೆ ಬರೆಯಲು ಕೂತರು. ಕೈ ನಡುಗುತ್ತಿದ್ದುದರಿಂದ ಅವರು ಹೇಳಿದ್ದನ್ನು ನಾನು ಬರೆದುಕೊಟ್ಟೆ. ಕೆಳಗೆ ಅವರು ಸಹಿ ಹಾಕಿದರು, ಚಾಚಾ ಬಂದು ಹಾಕಿದರು. ಪೆನ್ನು ನನ್ನ ಕೈಗೆ ಬಂತು. ಮಾವನವರು ಬೇಡ ಎಂದು ಕೈ ಅಡ್ಡ ಮಾಡಿದರು. ಅವರ ಕೈ ಸರಿಸಿ, ಹೆಸರಿನ ಮುಂದೆ ಶಿಕ್ಷಕಿ ಎಂದೂ ಬರೆದೆ.

ಸೋಮವಾರ ಮೊದಲ ಪೀರಿಯಡ್ ನಡೆದಿರುವಾಗ ಶಾಲೆಯ ಜವಾನ ಬಾಗಿಲಲ್ಲಿ ನಿಂತ. "ಮೇಡಮ್, ಸಂಸ್ಥಾದ ಸೆಕ್ರೆಟರಿ ಸಾಹೇಬ್ರು ಕರೀಲಿಕತ್ತಾರ್ರಿ. ಜೀಪಿನಾಗ ಇಬ್ಬರು ಮಂದಿ ಬಂದಾರ." ಮಕ್ಕಳಿಗೆ ಮುಂದಿನ ಪಾಠ ಓದಿಕೊಳ್ಳಲು ಹೇಳಿ, ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಅವನ ಹಿಂದೆ ನಡೆದೆ.