ಕೊನೆಯ ಸುತ್ತಿನ ಎರಡು ಪಂದ್ಯ

ವೇಳಾಪಟ್ಟಿ ಹಾಕುವುದರಲ್ಲಿ ನನಗೆ ಸ್ವಲ್ಪ ಜಂಬವಿದೆ. ಮೂವತ್ತು ವರ್ಷ ಶಾಲೆಯ ಪಿರಿಯಡ್ ಹೊಂದಿಸಿದವಳು. ಇಂದಿಗೂ ನಮ್ಮ ಮನೆಯಲ್ಲಿ ದೋಸೆ ಏಳೂಕಾಲಿಗೆ. ಏಳೂವರೆಗೆ ಎದ್ದು ಬಂದವರಿಗೆ ಆರಿದ ದೋಸೆ. ಹಾಗಾಗಿ ನಮ್ಮ ವಾಚನಾಲಯದವರು ವಿಡಿಯೋ ಗೇಮ್ ಫುಟ್‌ಬಾಲ್ ಪಂದ್ಯಾಟ ಇಟ್ಟು, "ಪಟ್ಟಿ ನೀವೇ ಹಾಕ್ಬೇಕು ಟೀಚರೇ" ಎಂದಾಗ, ಆಟದ ಗಂಧಗಾಳಿ ಇಲ್ಲದಿದ್ದರೂ ಒಪ್ಪಿಕೊಂಡೆ.

ಗುಂಪು ಹಂತ ಎಂಬ ಏರ್ಪಾಡು ನನಗೆ ಕೂಡಲೇ ಹಿಡಿಸಿತು. ಗುಂಪಿಗೆ ನಾಲ್ಕು ತಂಡ. ಪ್ರತಿ ತಂಡವೂ ಉಳಿದ ಮೂರರೊಡನೆ ಆಡಬೇಕು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಮೊದಲೆರಡು ತಂಡ ಮುಂದಕ್ಕೆ. ಅಂಕ ಸರಿಸಮವಾದರೆ, ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದು ನೋಡುವುದು. ಒಂದೇ ಸೋಲಿಗೆ ಮನೆಗೆ ಕಳಿಸುವ ಪದ್ಧತಿಗಿಂತ ಇದರಲ್ಲಿ ಕರುಣೆ ಹೆಚ್ಚು. ನಮ್ಮ ಶಾಲೆಗಳಲ್ಲಿ ಓಣಂ ಹೊತ್ತಿನ ಪರೀಕ್ಷೆಯಲ್ಲಿ ಎಡವಿದವರಿಗೆ ಕ್ರಿಸ್ಮಸ್ ಹೊತ್ತಿನ ಪರೀಕ್ಷೆ ಇರುವ ಹಾಗೆ.

ನನ್ನ ಪಟ್ಟಿಯಲ್ಲಿ ಎರಡು ಪಂದ್ಯ ಒಟ್ಟಿಗೆ ಎಂಬುದೇ ಇರಲಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು, ಅದು ಶಿಸ್ತು.

ಭಾನುವಾರ ಒಂದು ಗುಂಪಿನ ಕೊನೆಯ ಸುತ್ತು. ಬಾಯಾರಿನವರು ಮೊದಲ ಎರಡೂ ಪಂದ್ಯ ಗೆದ್ದು ಗೋಲುಗಳನ್ನು ರಾಶಿ ಹಾಕಿದ್ದರು. ಇನ್ನು ಸಣ್ಣ ಅಂತರದಲ್ಲಿ ಸೋತರೂ ಅವರಿಗೆ ಚಿಂತೆಯಿಲ್ಲ. ಉಪ್ಪಳದವರು ಎರಡೂ ಸೋತವರು. ಉಳಿದ ಒಂದು ಜಾಗಕ್ಕೆ ಶಿರಿಯ, ಎಣ್ಮಕಜೆ ತಂಡಗಳ ಪೈಪೋಟಿ, ಇಬ್ಬರಿಗೂ ಒಂದೊಂದು ಗೆಲುವು. ಹತ್ತೂವರೆಗೆ ಶಿರಿಯ-ಉಪ್ಪಳ, ಹನ್ನೊಂದೂವರೆಗೆ ಎಣ್ಮಕಜೆ-ಬಾಯಾರು.

ಹತ್ತು ಗಂಟೆಗೆ ಶಿರಿಯದ ನಾಯಕಿ ಸೌಮ್ಯ ನನ್ನೆದುರು ಬಂದು ನಿಂತಳು. ನನ್ನ ಹಳೆಯ ವಿದ್ಯಾರ್ಥಿನಿ. ಐಸ್ ಪ್ಲಾಂಟಿನ ಕೆಲಸಕ್ಕೆ ರಜೆ ಹಾಕಿ ಆಡಲು ಬಂದವಳು.

"ನಾವು ಎಷ್ಟು ಗೋಲು ಹಾಕಿದ್ದೇವೆ ಅಂತ ನೋಡಿ ಆಮೇಲೆ ಆಡ್ಲಿಕ್ಕೆ ಎಣ್ಮಕಜೆಯವರಿಗೆ ಎಂತ ಕಷ್ಟ ಉಂಟು ಟೀಚರೇ? ನಮ್ಮ ಪೇಪರ್ ನೋಡಿ ಬರೆದ ಹಾಗೆ ಆಯ್ತಲ್ಲ?"

ಆಚೆ ಬೆಂಚಿನಲ್ಲಿ ಬಾಯಾರಿನ ನಾಯಕ, ತನ್ನ ತಂಗಿಯ ಗಂಡನೇ ಆದ ಎಣ್ಮಕಜೆಯ ನಾಯಕನನ್ನು ಚುಡಾಯಿಸುತ್ತಿದ್ದ. "ಎಷ್ಟು ಗೋಲು ಬೇಕು ಬಾವ? ಹನ್ನೊಂದೂವರೆಗೆ ಶಿರಿಯದವರ ಲೆಕ್ಕ ನೋಡಿ ಸರೀ ಹೇಳು!"

"ನಿನ್ನ ದಾನ ಬೇಡ ಮಾರಾಯ!"

ತಮಾಷೆಯೇ. ಆದರೂ ನನ್ನ ಕಿವಿ ಬಿಸಿಯಾಯಿತು. ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆಯನ್ನು ಒಂದು ಡಿವಿಜನ್ನಿಗೆ ಬೆಳಗ್ಗೆ, ಇನ್ನೊಂದಕ್ಕೆ ಮಧ್ಯಾಹ್ನ ಇಡುವವರನ್ನು ನಾನು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಬಿಡುತ್ತಿದ್ದೆನೇ? ಅಂಟಿಸಿದ ಪಟ್ಟಿಯನ್ನು ಜೀವಮಾನದಲ್ಲಿ ತಿದ್ದಿದವಳಲ್ಲ. ಅಂದು ಪೆನ್ನು ತೆಗೆದು ಎಲ್ಲರೆದುರೇ ಎರಡೂ ಸಮಯ ಹೊಡೆದುಹಾಕಿ, ಎರಡಕ್ಕೂ ಹನ್ನೊಂದು ಎಂದು ಬರೆದೆ.

"ಟಿ.ವಿ. ಒಂದೇ ಉಂಟಲ್ಲ ಟೀಚರೇ!" ವಾಚನಾಲಯದ ಕಾರ್ಯದರ್ಶಿ ಗಾಬರಿಯಾದರು.

"ನನ್ನ ಮನೆಯಲ್ಲಿ ಇನ್ನೊಂದು ಉಂಟು. ರಿಕ್ಷಾ ಕರೆಯಿರಿ."

ಟಿ.ವಿ.ಗೆ ಸಿಕ್ಕಿಸುವ ಆಟದ ಇನ್ನೊಂದು ಪೆಟ್ಟಿಗೆಯನ್ನು ಬಾಯಾರಿನವರು ಕೊಟ್ಟರು. ಟಿ.ವಿ.ಯನ್ನು ನಾನೇ ರಿಕ್ಷಾದಲ್ಲಿ ತಬ್ಬಿ ಹಿಡಿದು ತಂದೆ. ಪಂದ್ಯಗಳು ಶುರುವಾದದ್ದು ಹನ್ನೊಂದು ದಾಟಿ ಏಳು ನಿಮಿಷಕ್ಕೆ. ಆ ಏಳು ನಿಮಿಷಕ್ಕೆ ನಾನು ಯಾರನ್ನೂ ಬೈಯಲಿಲ್ಲ.

ಎಣ್ಮಕಜೆಯವರು ಬೆವರು ಸುರಿಸಿ ಒಂದು ಗೋಲಿನಿಂದ ಗೆದ್ದರು. ಶಿರಿಯದವರು ಉಪ್ಪಳದೊಡನೆ ಸಮ ಮಾಡಿಕೊಂಡು ಹೊರಬಿದ್ದರು. ಸಮಾಧಾನದ ಮಾತು ಹುಡುಕುತ್ತ ಸೌಮ್ಯಳ ಬಳಿ ಹೋದೆ.

"ಸಿಕ್ಕಿದ ಪೆನಾಲ್ಟಿ ಹೊರಗೆ ಹೊಡೆದದ್ದು ನಾನೇ ಟೀಚರೇ," ಎಂದಳು, ಕಣ್ಣೊರೆಸಿಕೊಂಡು. "ಬೇರೆ ಯಾರಿಗೆ ಬೈಯುವುದು?"

ಸೋತವರು ಸೋಲನ್ನು ಪೂರ್ತಿ ತಮ್ಮದೆಂದು ಮನೆಗೆ ಒಯ್ಯುವಂತಿರಬೇಕು. ಪಟ್ಟಿ ಹಾಕಿದವರಿಗೆ ಅದರಲ್ಲಿ ಪಾಲು ಇರಬಾರದು.