ಪೆಟ್ಟಿಗೆ ಕಳಚದ ಲೈನಕ್ಕ

ಬೆಳಿಗ್ಗೆ ಆರೂಕಾಲು. ಮೂರನೇ ಮಹಡಿಯ ಮನೆಯೊಂದರಲ್ಲಿ, ಇಂಟರ್ನೆಟ್ ಲೈನು ರಿಪೇರಿ ಮಾಡುವುದರಿಂದ ಎಲ್ಲರ ಬಾಯಲ್ಲಿ ಲೈನಕ್ಕ ಆದವರು ಮೇಜಿನಡಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಬಾಯಲ್ಲಿ ಟಾರ್ಚು. ಎದುರಿಗೆ ಎರಡು ಪೆಟ್ಟಿಗೆ: ಹೊರಗಿನ ತಂತಿ ಬಂದು ಸೇರುವ ಮೋಡೆಮ್ ಒಂದು, ಅಲ್ಲಿಂದ ಮನೆಯೊಳಕ್ಕೆ ಬರುವುದನ್ನೆಲ್ಲ ತಡೆದು ನೋಡಿ ಬಿಡುವ ಫೈರ್‌ವಾಲ್ ಇನ್ನೊಂದು. ಎರಡನೆಯದನ್ನು ಕಳಚುವ ಹಾಗಿಲ್ಲ. ಮನೆಯೊಡತಿ ಟೀಚರಮ್ಮನ ಕಟ್ಟಪ್ಪಣೆ ಅದು.

ಟೀಚರಮ್ಮ ದಿನಾ ಎಂಟಕ್ಕೆ ಕಿವಿ ಕೇಳದ ಮಕ್ಕಳಿಗೆ ವಿಡಿಯೊದಲ್ಲಿ ಕೈಸನ್ನೆಯ ಪಾಠ ಮಾಡುತ್ತಾರೆ. ತಿಂಗಳಿಂದ ಚಿತ್ರ ನಡುನಡುವೆ ನಿಂತುಬಿಡುತ್ತಿದೆ. ಅರ್ಧಕ್ಕೆ ನಿಂತ ಕೈ ನೋಡಿ ಮಗು ಏನು ಕಲಿತೀತು? ಈ ವಾರ ಸರಿಹೋಗದಿದ್ದರೆ ತರಗತಿ ಬೇರೆಯವರ ಪಾಲು ಎಂದು ಶಾಲೆ ಹೇಳಿಯಾಗಿದೆ. ಬಂದ ಮೂವರು ರಿಪೇರಿಯವರೂ ಫೈರ್‌ವಾಲ್ ಕಳಚಿ, ಮೋಡೆಮ್‌ಗೆ ನೇರವಾಗಿ ತಂತಿ ಚುಚ್ಚಿ ನೋಡಿ, "ಲೈನು ಚೆನ್ನಾಗಿದೆ, ಈ ಹಳೇ ಡಬ್ಬ ಎಸೀರಿ" ಎಂದು ಕೈತೊಳೆದುಕೊಂಡಿದ್ದಾರೆ.

"ಅದು ನಮ್ಮೆಜಮಾನ್ರು ಕೈಯಾರೆ ಜೋಡಿಸಿದ್ದಮ್ಮ," ಎನ್ನುತ್ತಾರೆ ಟೀಚರಮ್ಮ. "ಅವರು ಹೋಗಿ ಎರಡು ವರ್ಷ. ಎಸಿ ಅಂದ್ರೆ ಹೇಗೆ ಎಸೀಲಿ?"

ಲೈನಕ್ಕನಿಗೆ ನಲವತ್ತೇಳು. ಇಪ್ಪತ್ತೆರಡು ವರ್ಷದ ಸರ್ವಿಸು, ದಿನಕ್ಕೆ ಹನ್ನೊಂದು ಮನೆ, ಬಿಡದ ಮಂಡಿನೋವು. ಮೊದಲ ವರ್ಷ ಅವಸರಕ್ಕೆ ಬಿದ್ದು ಒಂದು ಮನೆಯ ರಿಸೆಟ್ ಗುಂಡಿಗೆ ಪಿನ್ನು ಒತ್ತಿ, ಯಾರೋ ವರ್ಷಗಟ್ಟಲೆ ಕೂಡಿಸಿಟ್ಟ ಸೆಟ್ಟಿಂಗನ್ನೆಲ್ಲ ಅಳಿಸಿಹಾಕಿದ್ದರಂತೆ. "ಆ ಮನೆ ಅಜ್ಜ ಬೈಲಿಲ್ಲ, ಕಾಫಿ ಕೊಟ್ಟು ಕಳಿಸಿದ್ರು. ಬೈದಿದ್ರೇ ವಾಸಿಯಾಗಿತ್ತು. ಆವತ್ತಿಂದ ಪಿನ್ನೇ ಇಟ್ಕೊಳ್ಳಲ್ಲ ನಾನು."

ಇಲ್ಲಿ ಅವರ ಹಟ ಬೇರೆ. "ಲೈನು ಕೆಡೋ ಹೊತ್ತಲ್ಲೇ ಮೋಡೆಮ್ ಒಳಗೆ ಇಣುಕಬೇಕು, ಲೈನಿನ ಸ್ಥಿತಿ ತೋರಿಸೋ ಪುಟ ಇರೋದು ಅಲ್ಲೇ. ತಂತಿ ಕಿತ್ತು ಆಫ್ ಮಾಡಿ ಆನ್ ಮಾಡಿದ್ರೆ ಅದು ಹೊಸ ಮದುಮಗನ ಥರ ನೆಟ್ಟಗೆ ಕೂತ್ಕೊಳ್ಳುತ್ತೆ, ರೋಗ ಕಾಣಲ್ಲ." ಆದರೆ ಲ್ಯಾಪ್‌ಟಾಪಿನಿಂದ ಮೋಡೆಮ್‌ಗೆ ಹೋಗಬೇಕಾದ್ದು ಫೈರ್‌ವಾಲ್ ದಾಟಿಯೇ; ಅದಕ್ಕೆ ಲೋಕದ ದಾರಿಯೆಲ್ಲ ಗೊತ್ತು, ಪಕ್ಕದಲ್ಲೇ ಕೂತ ಮೋಡೆಮ್‌ನ ವಿಳಾಸ ಮಾತ್ರ ಗೊತ್ತಿಲ್ಲ. ಅದರ ಹೊರಬಾಗಿಲಿಗೆ ಮೋಡೆಮ್‌ನ ಸಾಲಿಗೇ ಸೇರಿದ ಇನ್ನೊಂದು ವಿಳಾಸ ಕೊಟ್ಟು, ಲ್ಯಾಪ್‌ಟಾಪಿನ ಕೋರಿಕೆ ಆ ವಿಳಾಸದಿಂದಲೇ ಹೋಗಲಿ ಎಂದು ಫೈರ್‌ವಾಲ್‌ನಲ್ಲಿ ಒಂದು ನಿಯಮ ಬರೆಯಬೇಕು.

ಯಜಮಾನರ ಡೈರಿಯಲ್ಲಿ ಪಾಸ್‌ವರ್ಡ್ ಸಿಗುತ್ತದೆ. ಲೈನಕ್ಕ ನಿಯಮಗಳ ಪಟ್ಟಿ ತೆರೆಯುತ್ತಾರೆ. ಪ್ರತಿ ಸಾಲಿನ ಪಕ್ಕದಲ್ಲೂ ಯಜಮಾನರ ಟಿಪ್ಪಣಿ ಇದೆ. ಗಟ್ಟಿಯಾಗಿ ಓದುತ್ತಾರೆ: "ಇವಳ ಪಾಠಕ್ಕೆ ಮೊದಲ ದಾರಿ. ನನ್ನ ಸಿನಿಮಾ ಆಮೇಲೆ."

ಟೀಚರಮ್ಮ ಮೊದಲು ನಗುತ್ತಾರೆ, ಆಮೇಲೆ ಅಳುತ್ತಾರೆ. ಹೀಗೊಂದು ಪುಟ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ಹೊಸ ನಿಯಮ ಸೇರಿದ್ದೇ ತಡ, ಮೋಡೆಮ್‌ನ ಪುಟ ತೆರೆಯುತ್ತದೆ. ಲೈನಿನಲ್ಲಿ ಸಿಗ್ನಲ್ ಕೆಡಿಸುವ ಗದ್ದಲ ಏರುತ್ತಿದೆ. ತಂತಿಯ ಜಾಡು ಹಿಡಿದು ಹೋಗಿ ನೋಡಿದರೆ ಹೊರಗೋಡೆಯ ಮೇಲೆ ಅದರ ಜೋಡಣೆಗೆ ಕಿಲುಬು ಹಿಡಿದಿದೆ. ಬೆಳಗಿನ ಇಬ್ಬನಿಗೆ ಒದ್ದೆಯಾಗಿ ಕೈಕೊಡುತ್ತಿದೆ. ಹಿಂದಿನವರು ಬಂದದ್ದು ಹನ್ನೊಂದಕ್ಕೆ, ಎಲ್ಲ ಒಣಗಿದ ಮೇಲೆ. ಲೈನಕ್ಕ ತಂತಿ ಕೆರೆದು ಹೊಸ ಜೋಡಣೆ ಹಾಕುತ್ತಾರೆ. ಎಂಟಕ್ಕೆ ಪಾಠ ಶುರು. ನಲವತ್ತು ನಿಮಿಷ ಟೀಚರಮ್ಮನ ಕೈ ಒಮ್ಮೆಯೂ ನಿಲ್ಲುವುದಿಲ್ಲ.

ಮೆಟ್ಟಿಲಿಳಿಯುತ್ತ ಲೈನಕ್ಕ ಮಂಡಿ ಹಿಡಿದು ನಿಲ್ಲುತ್ತಾರೆ. "ಯಜಮಾನ್ರು ಹದಿನೇಳು ಸಾಲು ಬರೆದಿದ್ರು. ಹದಿನೆಂಟನೇದು ನಂದು. ಅದರ ಪಕ್ಕ 'ಇದೂ ಪಾಠಕ್ಕೇ' ಅಂತ ಬರೆದು ಬಂದೆ. ಅವರಿದ್ದಿದ್ರೆ ಅಳಿಸ್ತಿರ್ಲಿಲ್ಲ ಅನ್ಸುತ್ತೆ."